ಚೆಲ್ಲಿದ್ದು ಯಾರ ಲೆಕ್ಕಕ್ಕೆ?

ಕಡಲೆಕಾಯಿ ಸುಗ್ಗಿಯಲ್ಲಿ ಶಿರಾ, ಮಧುಗಿರಿ, ಪಾವಗಡದ ಕಡೆಯ ಯಾವ ಮಂಡಿಯ ಮುಂದೆ ನಿಂತರೂ ಕಾಣುವ ಒಂದು ಸಣ್ಣ ಸಂಗತಿಯಿದೆ. ಗಾಡಿಯಿಂದ ಇಳಿಸುವಾಗ ಹಮಾಲಿಯ ಕೊಕ್ಕೆ ತಗುಲಿ ಗೋಣಿಚೀಲ ಹರಿಯುತ್ತದೆ. ಇಲ್ಲವೇ ಹೊಲಿಗೆಯ ಸುತಳಿ ಬಿಚ್ಚಿಕೊಂಡು ಬೊಗಸೆಯಷ್ಟೋ ಮೊರದಷ್ಟೋ ಕಾಯಿ ನೆಲಕ್ಕೆ ಸುರಿಯುತ್ತದೆ. ಆ ಕಾಯಿ ಯಾರದು? ತೂಕಕ್ಕೆ ಹಾಕಿ ಎನ್ನುತ್ತಾನೆ ರೈತ. ಕಾಂಟಾದ ಮೇಲೆ ಬಾರದ ಮಾಲು ತನ್ನದಲ್ಲ ಎನ್ನುತ್ತಾನೆ ಮಂಡಿಯವನು. ಮಾತು ಬೆಳೆಯುವಷ್ಟರಲ್ಲಿ ಮುಂದಿನ ಗಾಡಿ ಬಂದು ನಿಂತಿರುತ್ತದೆ. ಸಂಜೆ ಅಂಗಳ ಗುಡಿಸುವ ಹೆಂಗಸು ಮಣ್ಣು ಕೇರಿ ಅದನ್ನು ಮಡಿಲಿಗೆ ಹಾಕಿಕೊಂಡು ಹೋಗುತ್ತಾಳೆ. ಬರೆದಿಟ್ಟ ನಿಯಮವೇನೂ ಇಲ್ಲದಿದ್ದರೂ ಚೆಲ್ಲಿದ ಸರಕಿಗೆ ಅಲ್ಲಿ ಒಬ್ಬ ವಾರಸುದಾರಳಿದ್ದಾಳೆ.

ವ್ಯಾಪಾರ ಎಂಬುದು ಹುಟ್ಟಿದಾಗಿನಿಂದಲೂ ಈ ಸೋರಿಕೆಯ ಜಗಳ ಇದ್ದೇ ಇದೆ. ಶಿರಾ ಹಳೆಯ ಪೇಟೆ. ಮೊಗಲರ ಕಾಲದಲ್ಲಿ ಸುಬೇದಾರರ ಠಾಣೆಯಾಗಿದ್ದ ಊರು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಶಿರಾ, ಮಧುಗಿರಿಗಳನ್ನೂ ಹಾದುಹೋದ; ಹೋದಲ್ಲೆಲ್ಲ ಬೆಳೆ, ನೇಯ್ಗೆ, ತೂಕ, ಅಳತೆಗಳನ್ನು ವಿಚಾರಿಸಿ ಬರೆದುಕೊಂಡ. ದಕ್ಷಿಣ ಅಮೆರಿಕದಿಂದ ಬಂದ ಕಡಲೆಕಾಯಿ ಈ ಬಯಲಿನ ಮುಖ್ಯ ಬೆಳೆಯಾದದ್ದು ಆಮೇಲೆ. ಶಿರಾ ತಾಲ್ಲೂಕಿನ ಗೌಡಗೆರೆ ಹೋಬಳಿಯಿಂದ ಹಿಡಿದು ಆಂಧ್ರದ ಗಡಿಯವರೆಗೆ, ಮಳೆಯನ್ನೇ ನಂಬಿದ ಕೆಂಪು ಮರಳುಮಿಶ್ರಿತ ಹೊಲಗಳಲ್ಲಿ ಕೈಗೆ ನಾಲ್ಕು ಕಾಸು ತರುವ ಬೆಳೆಯೆಂದರೆ ಅದೇ ಎನ್ನುವಂತಾಯಿತು. ಅದರ ಜೊತೆಗೆ ದಲಾಲಿ ಬಂತು, ಹಮಾಲಿ ಬಂತು, ‘ಸೂಟು’ ಬಂತು. ಸೂಟು ಎಂದರೆ ತೇವ, ಮಣ್ಣು, ಚೀಲದ ಭಾರ, ದಾರಿಯಲ್ಲಿ ಆಗಬಹುದಾದ ನಷ್ಟ ಇವೆಲ್ಲದರ ಹೆಸರಿನಲ್ಲಿ ವ್ಯಾಪಾರಿ ಮೊದಲೇ ಮುರಿದುಕೊಳ್ಳುವ ತೂಕ. ಅದನ್ನು ಹಿಡಿತಕ್ಕೆ ತರಬೇಕೆಂಬುದು ರಾಜ್ಯದ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಯ ಉದ್ದೇಶಗಳಲ್ಲೊಂದು. ಕಾಯಿದೆ ಬಂದ ಮೇಲೂ ಸೂಟು ಪೂರ್ತಿ ಹೋಯಿತೆಂದು ಯಾವ ರೈತನೂ ಒಪ್ಪಲಾರ, ಅದು ಬೇರೆ ಮಾತು.

ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಮಂಡಿಯ ಸೋರಿಕೆ ಲೆಕ್ಕಕ್ಕೆ ಸಿಗುತ್ತದೆ. ಏಕೆಂದರೆ ಅದರಿಂದ ಯಾರಿಗೋ ನಷ್ಟ, ಯಾರಿಗೋ ಲಾಭ; ಇಬ್ಬರೂ ಎದುರಾಬದುರು ನಿಂತಿರುತ್ತಾರೆ. ಆದರೆ ಸರಕು ಕಬ್ಬಿಣದ ಅದಿರೋ, ಕಲ್ಲಿದ್ದಲೋ, ಪೆಟ್ರೋಲಿಯಂ ತೈಲವೋ ಆದಾಗ, ಚೆಲ್ಲುವುದು ವ್ಯಾಪಾರಿಯ ಅಂಗಳದಲ್ಲಲ್ಲ. ನದಿಗೆ ಚೆಲ್ಲುತ್ತದೆ, ಕಡಲಿಗೆ ಚೆಲ್ಲುತ್ತದೆ, ಬಹುಪಾಲು ಆಕಾಶಕ್ಕೆ ಚೆಲ್ಲುತ್ತದೆ. ಗುಡಿಸಿಕೊಂಡು ಹೋಗಲು ಅಲ್ಲಿ ಯಾರೂ ಇಲ್ಲ. ಜಗತ್ತಿನ ದೊಡ್ಡ ಕಂಪನಿಗಳು ಈಗ ವರ್ಷಕ್ಕೊಮ್ಮೆ ಪ್ರಕಟಿಸುವ ಹೊಗೆಯ ಲೆಕ್ಕ, ಸೋರಿಕೆಯ ಲೆಕ್ಕ ಎಂಬುದೆಲ್ಲ ಈ ವಾರಸುದಾರರಿಲ್ಲದ ಚೆಲ್ಲಾಟಕ್ಕೆ ತಡವಾಗಿ ಹುಡುಕಿದ ಖಾತೆಗಳು. ಅವು ಹೇಗೆ ಬಂದವು, ಅವುಗಳಲ್ಲಿ ಏನು ಹಿಡಿಯುತ್ತದೆ, ಏನು ಜಾರುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಬೇಕಾದಷ್ಟು ಉದಾಹರಣೆಗಳಿವೆ.

ಭದ್ರೆಗೆ ಇಳಿದ ಗುಡ್ಡ

ಕುದುರೆಮುಖದ ಅದಿರನ್ನು ಭೂವಿಜ್ಞಾನಿ ಪಿ. ಸಂಪತ್ ಅಯ್ಯಂಗಾರ್ ಗುರುತಿಸಿದ್ದು 1913ರಲ್ಲಿ. ಅದು ಸರಕಾಗಲು ಅರವತ್ತು ವರ್ಷ ಹಿಡಿಯಿತು. 1975ರಲ್ಲಿ ಇರಾನಿನ ಷಾ ಸರ್ಕಾರದೊಡನೆ ಒಪ್ಪಂದವಾಯಿತು: ಹಣ ಅವರದು, ಅದಿರು ನಮ್ಮದು, ವರ್ಷಕ್ಕೆ 75 ಲಕ್ಷ ಟನ್ ಹದಗೊಳಿಸಿದ ಅದಿರು ಅವರಿಗೆ. 1976ರ ಏಪ್ರಿಲ್‌ನಲ್ಲಿ ಕಂಪನಿ ಹುಟ್ಟಿತು. ಗಣಿ, ಅಣೆಕಟ್ಟು, ಕೊಳವೆ, ಬಂದರು ಎಲ್ಲ ಸಿದ್ಧವಾಗುವ ಹೊತ್ತಿಗೆ, 1979ರಲ್ಲಿ, ಇರಾನಿನಲ್ಲಿ ಕ್ರಾಂತಿಯಾಗಿ ಷಾ ದೇಶ ಬಿಟ್ಟಿದ್ದರು. ಕೊಳ್ಳುವವನಿಲ್ಲದ ಸರಕಿಗೆ ಬೇರೆ ಗಿರಾಕಿಗಳನ್ನು ಹುಡುಕುವ ಪಾಡು ಕಂಪನಿಯದಾಯಿತು. 1987ರಲ್ಲಿ ಮಂಗಳೂರಿನಲ್ಲಿ ಅದಿರಿನ ಉಂಡೆ ಕಟ್ಟುವ ಕಾರ್ಖಾನೆ ಬಂದದ್ದು ಈ ಹುಡುಕಾಟದ ಫಲವೇ. ಅದೇ ವರ್ಷ ಗಣಿಯ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತೆಂಬುದು ಚರಿತ್ರೆಯ ಒಂದು ವಿಚಿತ್ರ.

ಕುದುರೆಮುಖದ್ದು ಬಡ ಅದಿರು. ಅದರಲ್ಲಿ ಕಬ್ಬಿಣ ನೂರಕ್ಕೆ ನಲವತ್ತರ ಒಳಗೆ. ಕಲ್ಲನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ಕಬ್ಬಿಣದ ಭಾಗವನ್ನು ಬೇರ್ಪಡಿಸಿ, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಪಣಂಬೂರಿಗೆ ಸಾಗಿಸುವುದು ಏರ್ಪಾಡು. ಲಾರಿಯಿಲ್ಲ, ಧೂಳಿಲ್ಲ, ಇಂಜಿನಿಯರುಗಳು ಹೆಮ್ಮೆಪಟ್ಟ ವ್ಯವಸ್ಥೆಯೇ ಹೌದು. ಆದರೆ ಅರೆದ ಕಲ್ಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಬೇಡವಾದದ್ದು. ಆ ರಾಡಿಯನ್ನು ನಿಲ್ಲಿಸಲು ಲಕ್ಯಾ ಹೊಳೆಗೆ ಸುಮಾರು ನೂರು ಮೀಟರ್ ಎತ್ತರದ ಅಣೆಕಟ್ಟು ಕಟ್ಟಬೇಕಾಯಿತು. ಸಾಮಾನ್ಯವಾಗಿ ಅಣೆಕಟ್ಟು ಕಟ್ಟುವುದು ನೀರಿಗೆ. ಇದು ಕೆಸರಿಗೆ ಕಟ್ಟಿದ ಅಣೆಕಟ್ಟು. ವರ್ಷಕ್ಕೆ ಆರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಜಾಗದಲ್ಲಿ ಗುಡ್ಡದ ಚರ್ಮ ಸುಲಿದರೆ ಏನಾಗುತ್ತದೆಂಬುದನ್ನು ಕೆಳಗಿನ ಭದ್ರಾ ನದಿ ತೋರಿಸಿತು. ಜಲಾನಯನದ ಬಹು ಸಣ್ಣ ಪಾಲಾಗಿದ್ದ ಗಣಿ ಪ್ರದೇಶವೇ ನದಿ ಹೊತ್ತ ಹೂಳಿನ ದೊಡ್ಡ ಪಾಲಿಗೆ ಮೂಲವೆಂದು ವಿಜ್ಞಾನಿಗಳು ಅಳೆದು ತೋರಿಸಿದರು.

ವನ್ಯಜೀವಿ ಸಂರಕ್ಷಕ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2002ರ ಅಕ್ಟೋಬರ್ 30ರಂದು ಬಂದ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕೆಲಸ ಕಳೆದುಕೊಂಡವರ ಸಂಕಟ ಸಣ್ಣದಾಗಿರಲಿಲ್ಲ. ಕಂಪನಿಯ ಊರೇ ಖಾಲಿಯಾಯಿತು. ಆದರೆ ಇಲ್ಲಿನ ವಿಷಯಕ್ಕೆ ಮುಖ್ಯವಾದದ್ದು ಬೇರೆ. ಕಾಲು ಶತಮಾನ ಕಾಲ ಕಂಪನಿಯ ಲೆಕ್ಕಪತ್ರಗಳಲ್ಲಿ ಅದಿರಿನ ಒಂದೊಂದು ಟನ್ನೂ ದಾಖಲಾಗಿತ್ತು. ಹೊಳೆಗಿಳಿದ ಹೂಳಿಗೆ ಖರ್ಚಿನ ಕಲಮು ಇರಲಿಲ್ಲ. ಆ ಹೂಳನ್ನು ಹೊತ್ತ ನೀರು ನಿಲ್ಲುವುದು ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ. ಬಯಲುಸೀಮೆಯವರು ಅದು ಮಲೆನಾಡಿನ ಸಂಗತಿಯೆಂದು ಸುಮ್ಮನಿರುವಂತಿಲ್ಲ: ಭದ್ರಾ ಮೇಲ್ದಂಡೆ ಯೋಜನೆಯ ನಕ್ಷೆಯಲ್ಲಿ ಶಿರಾ, ಪಾವಗಡ ತಾಲ್ಲೂಕುಗಳೂ ಇವೆ.

ಹಡಗಿನ ಹೊಟ್ಟೆಯಲ್ಲಿ ಕೆಸರು

ಕುದುರೆಮುಖ ಮುಚ್ಚುವ ಹೊತ್ತಿಗೆ ಬಳ್ಳಾರಿಯ ಕಡೆ ಬೇರೆಯೇ ಆಟ ಶುರುವಾಗಿತ್ತು. ಚೀನಾದ ಉಕ್ಕಿನ ಹಸಿವು ಅದಿರಿನ ಬೆಲೆಯನ್ನು ಮೇಲಕ್ಕೆ ಒಯ್ದಿತ್ತು. ಹಿಂದೆ ಯಾರೂ ಮೂಸದೆ ಗುಡ್ಡೆ ಹಾಕಿದ್ದ ಪುಡಿ ಅದಿರಿಗೂ ಗಿರಾಕಿ ಬಂದರು. ಸಂಡೂರು, ಹೊಸಪೇಟೆಗಳಿಂದ ಬೇಲೇಕೇರಿಗೆ, ಮಂಗಳೂರಿಗೆ, ಪೂರ್ವದ ಕೃಷ್ಣಪಟ್ಟಣಕ್ಕೆ ಲಾರಿಗಳು ಸಾಲುಗಟ್ಟಿದವು. ದಾರಿಯುದ್ದಕ್ಕೂ ಮರದ ಎಲೆ, ಮನೆಯ ಗೋಡೆ, ಹೊಲದ ಬೆಳೆ ಎಲ್ಲ ಒಂದೇ ಬಣ್ಣಕ್ಕೆ ತಿರುಗಿದ್ದನ್ನು ಆ ವರ್ಷಗಳಲ್ಲಿ ಅತ್ತ ಓಡಾಡಿದವರು ಮರೆತಿರಲಾರರು. ಅಳತೆ ಮೀರಿ ತುಂಬಿದ ಲಾರಿಯಿಂದ ಉದುರಿದ ಪುಡಿಗೆ ಮಂಡಿಯ ಕಡಲೆಕಾಯಿಯ ಭಾಗ್ಯವಿರಲಿಲ್ಲ, ಅದನ್ನು ಆಯ್ದುಕೊಳ್ಳುವವರಿಲ್ಲ.

ಮಂಗಳೂರಿನಲ್ಲಿ 2009ರ ಜುಲೈನಲ್ಲಿ ನಡೆದದ್ದು ಈ ವ್ಯಾಪಾರದ ಇನ್ನೊಂದು ಮುಖ. ಸುಮಾರು 13,600 ಟನ್ ಪುಡಿ ಅದಿರು ತುಂಬಿಕೊಂಡು ಚೀನಾಕ್ಕೆ ಹೊರಟಿದ್ದ ‘ಏಷ್ಯನ್ ಫಾರೆಸ್ಟ್’ ಎಂಬ ಹಡಗು ಬಂದರು ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಒಂದು ಮಗ್ಗುಲಿಗೆ ವಾಲಿ ಮುಳುಗಿತು. ಅದರಲ್ಲಿದ್ದ 18 ಮಂದಿಯನ್ನು ಕರಾವಳಿ ರಕ್ಷಣಾ ಪಡೆ ಉಳಿಸಿತು. ಬಂಡೆ ತಾಗಿರಲಿಲ್ಲ, ಬೇರೆ ಹಡಗು ಗುದ್ದಿರಲಿಲ್ಲ. ಹಾಗಾದರೆ ಮುಳುಗಿದ್ದು ಹೇಗೆ?

ಹಸಿ ಮರಳು ತುಂಬಿದ ಬಾಂಡ್ಲಿಯನ್ನು ನೆಲದ ಮೇಲಿಟ್ಟು ಕುಲುಕಿ ನೋಡಬಹುದು. ಗಟ್ಟಿಯಾಗಿ ಕೂತಂತಿದ್ದ ಮರಳು ಕುಲುಕುತ್ತಿದ್ದಂತೆ ಸಡಿಲಗೊಂಡು, ಮೇಲೆ ನೀರಾಡಿ, ಇಡೀ ರಾಶಿ ಅಂಬಲಿಯಂತೆ ತೊನೆಯತೊಡಗುತ್ತದೆ. ಮಳೆಗಾಲದಲ್ಲಿ ಬಯಲಿನಲ್ಲಿ ಬಿದ್ದಿದ್ದ ಅದಿರು ನೀರು ಕುಡಿದಿರುತ್ತದೆ. ಹಡಗಿನ ಇಂಜಿನ್ನಿನ ನಡುಕ, ಅಲೆಯ ಕುಲುಕು ಸೇರಿದಾಗ ಕಾಳುಗಳ ನಡುವಿನ ನೀರು ಒತ್ತಡಕ್ಕೆ ಸಿಕ್ಕಿ ಕಾಳನ್ನು ಕಾಳಿನಿಂದ ಎತ್ತಿಬಿಡುತ್ತದೆ. ಘನ ಸರಕು ದ್ರವವಾಗುತ್ತದೆ. ಹಡಗು ಎಡಕ್ಕೆ ವಾಲಿದರೆ ಸರಕೂ ಎಡಕ್ಕೆ ಹರಿಯುತ್ತದೆ, ಮತ್ತೆ ಬಲಕ್ಕೆ ಬರುವುದಿಲ್ಲ. ಆದ್ದರಿಂದಲೇ ಇಂಥ ಸರಕಿಗೆ ಸಾಗಣೆಗೆ ತಕ್ಕ ತೇವದ ಮಿತಿಯೊಂದಿದೆ. ತುಂಬುವ ಮುನ್ನ ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕು. ಬಿಡಿ ಘನ ಸರಕಿನ ಅಂತರರಾಷ್ಟ್ರೀಯ ಸಂಹಿತೆ 2011ರ ಜನವರಿಯಿಂದ ಕಡ್ಡಾಯವಾಯಿತು. ಮಂಡಿಯವನು ಕಡಲೆಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಬೀಜದ ಸದ್ದು ಕೇಳಿ ತೇವ ಹೇಳುತ್ತಾನಲ್ಲ, ಅದೇ ಪರೀಕ್ಷೆ. ಇಲ್ಲಿ ತಪ್ಪಿದರೆ ಹೋಗುವುದು ಸೂಟಲ್ಲ, ಜೀವ.

ಸರಕಿಗಿಂತ ಹೆಚ್ಚು ಭಯ ಹುಟ್ಟಿಸುವುದು ಹಡಗಿನ ಸ್ವಂತ ಇಂಧನ. 2022ರ ಜೂನ್‌ನಲ್ಲಿ ಉಳ್ಳಾಲದ ಬಟ್ಟಪ್ಪಾಡಿಯ ಎದುರು, ಉಕ್ಕಿನ ಸುರುಳಿಗಳನ್ನು ಹೊತ್ತಿದ್ದ ಸಿರಿಯಾದ ‘ಪ್ರಿನ್ಸೆಸ್ ಮಿರಾಲ್’ ಹಡಗು ಮುಳುಗಿದಾಗ ಜಿಲ್ಲಾಡಳಿತದ ನಿದ್ದೆಗೆಡಿಸಿದ್ದು ಉಕ್ಕಲ್ಲ, ಅದರ ಟ್ಯಾಂಕಿನಲ್ಲಿದ್ದ ಸುಮಾರು 220 ಟನ್ ತೈಲ. ತೈಲ ಸೋರಿದರೆ ಏನು ಮಾಡಬೇಕೆಂಬುದಕ್ಕೆ ಭಾರತದಲ್ಲಿ 1996ರಿಂದ ಒಂದು ರಾಷ್ಟ್ರೀಯ ಯೋಜನೆಯಿದೆ; ಕರಾವಳಿ ರಕ್ಷಣಾ ಪಡೆ ಅದರ ಹೊಣೆಗಾರ. 700 ಟನ್ನಿನವರೆಗಿನದು ಮೊದಲ ಹಂತ, ಆಯಾ ಬಂದರು, ತೈಲ ಘಟಕಗಳೇ ನಿಭಾಯಿಸಬೇಕು; ಅದನ್ನು ಮೀರಿದರೆ ಪಡೆಯ ನೆರವು, ಹತ್ತು ಸಾವಿರ ಟನ್ ದಾಟಿದರೆ ದೇಶದ, ಬೇಕಾದರೆ ಹೊರದೇಶದ ನೆರವು. ಕೆಲಸದ ಕ್ರಮ ಸರಳ: ತೇಲುವ ಬೇಲಿ ಹಾಕಿ ಎಣ್ಣೆ ಹರಡದಂತೆ ತಡೆ, ಬೇಲಿಯೊಳಗಿನದನ್ನು ಯಂತ್ರದಿಂದ ಕೆನೆಯಂತೆ ತೆಗೆ, ಆಗದಿದ್ದರೆ ಮಾತ್ರ ರಾಸಾಯನಿಕ ಸಿಂಪಡಿಸಿ ಒಡೆದುಹಾಕು. ಕಾಗದದ ಮೇಲಿನ ಈ ಕ್ರಮ ನೆಲಕ್ಕೆ ಬಂದಾಗ ಹೇಗಿರುತ್ತದೆಂಬುದನ್ನು 2017ರ ಜನವರಿಯಲ್ಲಿ ಚೆನ್ನೈ ಬಳಿಯ ಎಣ್ಣೂರಿನಲ್ಲಿ ದೇಶ ನೋಡಿತು. ಎರಡು ಹಡಗುಗಳ ಡಿಕ್ಕಿಯ ನಂತರ ದಡಕ್ಕೆ ಬಂದ ದಪ್ಪ ಎಣ್ಣೆಯನ್ನು ಮೀನುಗಾರರು, ವಿದ್ಯಾರ್ಥಿಗಳು ಬಕೆಟ್ಟುಗಳಲ್ಲಿ ಬಾಚಿ ಬಾಚಿ ತುಂಬಿದರು.

ಸರಕಿನ ಅಂತರರಾಷ್ಟ್ರೀಯ ವ್ಯಾಪಾರಿಯ ಪಾತ್ರ ಇಲ್ಲಿ ಸೂಕ್ಷ್ಮವಾದದ್ದು. ಆತ ಗಣಿಯ ಮಾಲೀಕನಲ್ಲ, ಎಷ್ಟೋ ಸಲ ಹಡಗಿನ ಮಾಲೀಕನೂ ಅಲ್ಲ. ಜಿನೀವಾದಲ್ಲೋ ಸಿಂಗಪುರದಲ್ಲೋ ಕೂತು ಕೊಳ್ಳುತ್ತಾನೆ, ಮಾರುತ್ತಾನೆ. ಸರಕು ಕೆಲವು ವಾರ ಕಾಗದದ ಮೇಲೆ ಅವನದು. ಚೆಲ್ಲಿದಾಗ ‘ಅದು ನನ್ನ ಕೈಯಲ್ಲಿರಲಿಲ್ಲ’ ಎನ್ನುವುದು ಸುಲಭ. 2006ರ ಆಗಸ್ಟ್‌ನಲ್ಲಿ ಟ್ರಾಫಿಗುರಾ ಎಂಬ ವ್ಯಾಪಾರ ಸಂಸ್ಥೆ ಬಾಡಿಗೆಗೆ ಹಿಡಿದಿದ್ದ ‘ಪ್ರೊಬೊ ಕೊವಾಲಾ’ ಹಡಗಿನ ತೈಲ ತೊಳೆದ ಕೊಳೆಯನ್ನು ಆಫ್ರಿಕದ ಐವರಿ ಕೋಸ್ಟಿನ ಅಬಿಜಾನ್ ನಗರದ ಸುತ್ತ ಸ್ಥಳೀಯ ಗುತ್ತಿಗೆದಾರನೊಬ್ಬ ರಾತ್ರೋರಾತ್ರಿ ಸುರಿದ. ಆಮ್‌ಸ್ಟರ್‌ಡಾಂನಲ್ಲಿ ಅದನ್ನು ಇಳಿಸಲು ಹೆಚ್ಚು ಹಣ ಕೇಳಿದ್ದರಿಂದ ವಾಪಸು ತುಂಬಿಕೊಂಡು ಹೋಗಿದ್ದ ಕೊಳೆ ಅದು. ಲಕ್ಷಕ್ಕೂ ಮೀರಿ ಜನ ಆಸ್ಪತ್ರೆಗಳಿಗೆ ಓಡಿದರು. ಸಂಸ್ಥೆ ತಪ್ಪನ್ನು ಒಪ್ಪಿಕೊಳ್ಳಲಿಲ್ಲ. ಆದರೆ 2007ರಲ್ಲಿ ಅಲ್ಲಿನ ಸರ್ಕಾರಕ್ಕೆ ಸುಮಾರು 20 ಕೋಟಿ ಡಾಲರ್, 2009ರಲ್ಲಿ ಲಂಡನ್ನಿನ ದಾವೆಯಲ್ಲಿ ಸುಮಾರು 30 ಸಾವಿರ ಮಂದಿಗೆ 3 ಕೋಟಿ ಪೌಂಡ್ ಕೊಟ್ಟು ವ್ಯಾಜ್ಯ ಮುಗಿಸಿತು. ಕೊಳೆಯನ್ನು ನೆಟ್ಟಗೆ ಇಳಿಸಿದ್ದರೆ ಆಗುತ್ತಿದ್ದ ಖರ್ಚು ಇದರ ಮುಂದೆ ಪುಡಿಗಾಸು.

ಕರ್ನಾಟಕದ ಅದಿರಿನ ಕಥೆಗೆ ತೆರೆ ಬಿದ್ದದ್ದು ಕೋರ್ಟಿನಲ್ಲೇ. ಬೇಲೇಕೇರಿಯಲ್ಲಿ ವಶಪಡಿಸಿಕೊಂಡಿದ್ದ ಲಕ್ಷಗಟ್ಟಲೆ ಟನ್ ಅದಿರೇ ಮಾಯವಾದ ಪ್ರಕರಣದ ನಂತರ 2010ರ ಜುಲೈನಲ್ಲಿ ರಾಜ್ಯ ಸರ್ಕಾರ ರಫ್ತು ತಡೆಯಿತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳು ಬಳ್ಳಾರಿಯಲ್ಲಿ, ಆಗಸ್ಟ್‌ನಲ್ಲಿ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು. ಗಡಿ ಮೀರಿ ಅಗೆದವರ ಗುತ್ತಿಗೆ ರದ್ದಾಯಿತು. ಉಳಿದವರು ಕೆಡಿಸಿದ ನೆಲವನ್ನು ಸರಿಪಡಿಸುವ ಯೋಜನೆ ಒಪ್ಪಿಸಿದ ಮೇಲಷ್ಟೇ ಮತ್ತೆ ಗುದ್ದಲಿ ಹಿಡಿಯಬಹುದೆಂದಾಯಿತು. ಅದಿರಿನ ಹರಾಜು ಹಣದ ಒಂದು ಪಾಲನ್ನು ತೆಗೆದಿಟ್ಟು, ಅದರ ಬಳಕೆಗೆಂದೇ 2014ರಲ್ಲಿ ಗಣಿ ಪರಿಸರ ಪುನಶ್ಚೇತನ ನಿಗಮ ಸ್ಥಾಪನೆಯಾಯಿತು. ಸುಮಾರು 25,000 ಕೋಟಿ ರೂಪಾಯಿಯ ಅದರ ಯೋಜನೆಗೆ ಕೋರ್ಟಿನ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ. ಚೆಲ್ಲಿದ ಅದಿರಿಗೆ ಕೊನೆಗೂ ಒಂದು ಖಾತೆ ತೆರೆಯಿತೆನ್ನಬೇಕು, ಚೆಲ್ಲಿ ಹತ್ತಾರು ವರ್ಷಗಳ ಮೇಲೆ.

ಹೊಗೆಯನ್ನು ತೂಗುವ ಬಗೆ

ಕೆಸರು, ಧೂಳು, ಎಣ್ಣೆ ಇವು ಕಣ್ಣಿಗೆ ಕಾಣುತ್ತವೆ. ಇಂಗಾಲದ ಡೈಆಕ್ಸೈಡ್ ಕಾಣುವುದಿಲ್ಲ, ವಾಸನೆಯೂ ಇಲ್ಲ. ಗಾಳಿಯಲ್ಲಿ ಅದು ಹೆಚ್ಚಿದರೆ ಭೂಮಿ ಕಾಯುತ್ತದೆಂದು ಸ್ವೀಡನ್ನಿನ ಅರೇನಿಯಸ್ 1896ರಲ್ಲೇ ಲೆಕ್ಕ ಹಾಕಿದ್ದ. ಆದರೆ ಒಂದು ಕಂಪನಿ ತನ್ನ ಪಾಲಿನ ಹೊಗೆಯನ್ನು ಹೇಗೆ ಬರೆದಿಡಬೇಕೆಂಬ ಪದ್ಧತಿ ರೂಪುಗೊಂಡದ್ದು 2001ರಲ್ಲಿ. ಎರಡು ಅಂತರರಾಷ್ಟ್ರೀಯ ಸಂಸ್ಥೆಗಳು ಸೇರಿ ಸಿದ್ಧಪಡಿಸಿದ ಆ ಪದ್ಧತಿ ಹೊಗೆಯನ್ನು ಮೂರು ‘ವ್ಯಾಪ್ತಿ’ಗಳಾಗಿ ವಿಂಗಡಿಸುತ್ತದೆ.

ತುಮಕೂರಿನಲ್ಲಿ ಒಂದು ಎಣ್ಣೆ ಮಿಲ್ಲು ಇದೆಯೆಂದಿಟ್ಟುಕೊಳ್ಳೋಣ. ಮಿಲ್ಲಿನ ಸ್ವಂತ ಲಾರಿ, ಜನರೇಟರು, ಬಾಯ್ಲರು ಉರಿಸುವ ಇಂಧನದ ಹೊಗೆ ಮೊದಲ ವ್ಯಾಪ್ತಿ. ಡೀಸೆಲ್ ಲೀಟರಿಗೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಕೊಡುತ್ತದೆ. ಬಿಲ್ಲು ನೋಡಿ ಗುಣಿಸಿದರೆ ಮುಗಿಯಿತು. ಕರೆಂಟು ಎರಡನೆಯದು: ಹೊಗೆ ಎಲ್ಲೋ ರಾಯಚೂರಿನ ಚಿಮಣಿಯಲ್ಲಿ ಎದ್ದರೂ ಬಳಸಿದವನ ಲೆಕ್ಕಕ್ಕೆ. ದೇಶದ ಸರಾಸರಿಯಂತೆ ಯೂನಿಟ್ಟಿಗೆ ಸುಮಾರು 0.7 ಕಿಲೋ. ಐದು ಅಶ್ವಶಕ್ತಿಯ ಪಂಪು ಒಂದು ಗಂಟೆ ಓಡಿದರೆ ಮೂರು ಕಿಲೋದ ಆಸುಪಾಸು. ಮೂರನೆಯದು ಉಳಿದದ್ದೆಲ್ಲ: ಗೌಡಗೆರೆಯ ರೈತ ಉಳುಮೆಗೆ ಸುಟ್ಟ ಡೀಸೆಲ್, ಹಾಕಿದ ಗೊಬ್ಬರ, ಬಾಡಿಗೆ ಲಾರಿ, ಎಣ್ಣೆ ತುಂಬಿದ ಡಬ್ಬ, ಕೊನೆಗೆ ಅದೇ ಎಣ್ಣೆಯಲ್ಲಿ ಬೋಂಡಾ ಕರಿದ ಹೋಟೆಲಿನ ಒಲೆ. ಮೀಥೇನ್, ನೈಟ್ರಸ್ ಆಕ್ಸೈಡ್‌ನಂಥ ಬೇರೆ ಅನಿಲಗಳನ್ನೂ ಅವುಗಳ ಕಾವಿನ ಶಕ್ತಿಗೆ ತಕ್ಕಂತೆ ಇಂಗಾಲದ ಡೈಆಕ್ಸೈಡಿನ ತೂಕಕ್ಕೆ ಪರಿವರ್ತಿಸಿ ಕೂಡಿಸುತ್ತಾರೆ. ಮೀಥೇನಿನ ಒಂದು ಕಿಲೋ ನೂರು ವರ್ಷದ ಲೆಕ್ಕದಲ್ಲಿ ಸುಮಾರು 28 ಕಿಲೋಗೆ ಸಮ.

ಮೂರನೆಯ ವ್ಯಾಪ್ತಿ ಎಷ್ಟು ದೊಡ್ಡದೆಂಬುದನ್ನು ಅದಿರಿನಲ್ಲಿ ನೋಡಬಹುದು. ಸಂಡೂರಿನಿಂದ ಮಂಗಳೂರಿಗೆ ಹೋಗಿ ಬರಲು ಒಂದು ಲಾರಿಗೆ 170 ಲೀಟರ್ ಡೀಸೆಲ್ ಬೇಕೆಂದು ಹಿಡಿದರೆ ಹೊಗೆ ಸುಮಾರು 460 ಕಿಲೋ. ಲೋಡು 16 ಟನ್ ಆದರೆ ಟನ್ನಿಗೆ ಬರುವುದು 30 ಕಿಲೋಗಿಂತ ಕಡಿಮೆ. ಅದೇ ಅದಿರು ಕುಲುಮೆಗೆ ಹೋದಾಗ? ಒಂದು ಟನ್ ಉಕ್ಕಿಗೆ ಸುಮಾರು ಒಂದೂವರೆ ಟನ್ನಿಗೂ ತುಸು ಹೆಚ್ಚು ಅದಿರು ಬೇಕು, ಹೊಗೆ ಎರಡು ಟನ್ನಿನಷ್ಟು. ಅಂದರೆ ಟನ್ ಅದಿರಿನ ಹಿಂದೆ ಸಾವಿರ ಕಿಲೋಗೂ ಮಿಕ್ಕಿ. ವ್ಯಾಪಾರಿ ತನ್ನ ಕಚೇರಿಯ ದೀಪ, ಕಾರಿನ ಪೆಟ್ರೋಲು ಮಾತ್ರ ಬರೆದರೆ ಅವನಷ್ಟು ಶುದ್ಧ ಹಸ್ತ ಯಾರೂ ಇಲ್ಲ. ಮೂರನೆಯ ವ್ಯಾಪ್ತಿಯನ್ನೂ ಬರೆದರೆ ಅವನ ಪುಸ್ತಕ ಒಂದು ಸಣ್ಣ ದೇಶದ ಹೊಗೆಯಷ್ಟಾಗುತ್ತದೆ. ಈ ಮೂರನೆಯದಕ್ಕೆ ಪ್ರತ್ಯೇಕ ನಿಯಮಾವಳಿ ಬಂದದ್ದು 2011ರಲ್ಲಿ. ಭಾರತದಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2022-23ನೇ ಸಾಲಿನಿಂದ ಪೇಟೆಯ ಮೊದಲ ಸಾವಿರ ಕಂಪನಿಗಳಿಗೆ ಹೊಣೆಗಾರಿಕೆಯ ವರದಿಯನ್ನು ಕಡ್ಡಾಯ ಮಾಡಿತು. ಅದರ ಮುಖ್ಯ ಭಾಗದಲ್ಲಿರುವುದು ಮೊದಲೆರಡು ವ್ಯಾಪ್ತಿ ಮಾತ್ರ. ಮೂರನೆಯದನ್ನು ಐಚ್ಛಿಕವೆಂದು ಬಿಟ್ಟಿತು. ಸರಕಿನ ವ್ಯಾಪಾರದ ಮಟ್ಟಿಗೆ ಇದು ಚೀಲ ತೂಗದೆ ಸುತಳಿ ತೂಗಿದಂತೆ.

ಹೊಗೆಗೆ ತೂಕ ಬಂದ ಮೇಲೆ ಅದು ಸರಕೂ ಆಯಿತು. 1997ರ ಕ್ಯೋಟೊ ಒಪ್ಪಂದದ ಪ್ರಕಾರ ಬಡ ದೇಶದಲ್ಲಿ ಉಳಿಸಿದ ಒಂದು ಟನ್ ಹೊಗೆಯ ಪ್ರಮಾಣಪತ್ರವನ್ನು ಶ್ರೀಮಂತ ದೇಶದ ಕಂಪನಿ ಕೊಳ್ಳಬಹುದಿತ್ತು. ಮಧುಗಿರಿಯಿಂದ ಗೌರಿಬಿದನೂರು ದಾಟಿದರೆ ಸಿಗುವ ಬಾಗೇಪಲ್ಲಿಯಲ್ಲಿ ಕೂಲಿ ಸಂಘದವರು ಇದನ್ನು ಬಳಸಿಕೊಂಡದ್ದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಸುಮಾರು 5,500 ಮನೆಗಳಿಗೆ ಸಗಣಿ ಅನಿಲದ ಗುಂಡಿ ಕಟ್ಟಿಸುವ ಅವರ ಯೋಜನೆ 2005ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ವ್ಯವಸ್ಥೆಯಲ್ಲಿ ನೋಂದಣಿಯಾಯಿತು. ಸೌದೆ, ಸೀಮೆಎಣ್ಣೆ ಉರಿಸುವುದು ತಪ್ಪಿದ್ದಕ್ಕೆ ಮನೆಯೊಂದಕ್ಕೆ ವರ್ಷಕ್ಕೆ ಸುಮಾರು ಮೂರೂವರೆ ಟನ್ ಉಳಿತಾಯವೆಂದು ಲೆಕ್ಕ. ಹೆಂಗಸರ ಕಣ್ಣುರಿ ತಪ್ಪಿದ್ದಕ್ಕೆ ಯಾವ ಪ್ರಮಾಣಪತ್ರವೂ ಇರಲಿಲ್ಲ, ಅದು ಲಾಭಾಂಶ. 2012ರ ಹೊತ್ತಿಗೆ ಈ ಪ್ರಮಾಣಪತ್ರಗಳ ಜಾಗತಿಕ ಪೇಟೆ ಕುಸಿದುಬಿತ್ತು; ಕಡಲೆಕಾಯಿಯ ಹಾಗೆಯೇ ಹೊಗೆಯ ದರವೂ ಬೆಳೆದವನ ಕೈಯಲ್ಲಿಲ್ಲವೆಂದು ಸಾಬೀತಾಯಿತು. ಈಗ ಭಾರತವೇ 2023ರಲ್ಲಿ ತನ್ನದೊಂದು ಇಂಗಾಲ ವಹಿವಾಟಿನ ಯೋಜನೆಯನ್ನು ಪ್ರಕಟಿಸಿದೆ.

ಬಿಸಿಲಿನ ಗುತ್ತಿಗೆ

ಕಂಪನಿಗಳ ಹೊಗೆಯ ಲೆಕ್ಕ ತಗ್ಗಬೇಕಾದರೆ ಎರಡನೆಯ ವ್ಯಾಪ್ತಿಯ ಕರೆಂಟು ಹೊಗೆಯಿಲ್ಲದ್ದಾಗಬೇಕು. ಪಾವಗಡ ತಾಲ್ಲೂಕಿನ ಬಿಸಿಲಿಗೆ ಬೆಲೆ ಬಂದದ್ದು ಹೀಗೆ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ ‘ಶಕ್ತಿಸ್ಥಳ’ ಸೌರ ಪಾರ್ಕಿನ ಮೊದಲ ಹಂತ 2018ರ ಮಾರ್ಚ್ 1ರಂದು ಉದ್ಘಾಟನೆಯಾಯಿತು. 2019ರ ಕೊನೆಗೆ 2,050 ಮೆಗಾವಾಟ್ ಪೂರ್ಣಗೊಂಡಿತು. ನೆಲವನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಕೆ, ಅವಧಿ 28 ವರ್ಷ. ಮಳೆ ಕೈಕೊಟ್ಟು ಬೆಂಗಳೂರಿಗೆ ಗುಳೆ ಹೋಗುತ್ತಿದ್ದವರಿಗೆ ಇದು ಸಣ್ಣ ಮಾತಲ್ಲ. ಮಳೆ ಬಂದರೂ ಬರದಿದ್ದರೂ ಬರುವ ಹಣ. ಭೂಮಿಯನ್ನು ಕಿತ್ತುಕೊಳ್ಳದೆ ಹೂಡಿದ ಈ ಏರ್ಪಾಡನ್ನು ದೇಶದ ಬೇರೆ ಕಡೆಯವರೂ ಬಂದು ನೋಡಿ ಹೋದರು, ಹೊಗಳಿದ್ದರಲ್ಲಿ ತಪ್ಪೇನಿಲ್ಲ.

ಪಾರ್ಕು ವರ್ಷಕ್ಕೆ 400 ಕೋಟಿ ಯೂನಿಟ್ ಕೊಡುತ್ತದೆಂದು ಅಂದಾಜು ಹಿಡಿದರೆ, ಮೇಲಿನ ದರದಂತೆ ಉಳಿಯುವ ಹೊಗೆ ಸುಮಾರು 28 ಲಕ್ಷ ಟನ್. ಈ ಉಳಿತಾಯ ಯಾರದು? ಕರೆಂಟಿನ ಹೆಚ್ಚಿನ ಪಾಲನ್ನು ಕೊಳ್ಳುವವು ರಾಜ್ಯದ ವಿದ್ಯುತ್ ಸರಬರಾಜು ಕಂಪನಿಗಳು. ಅವುಗಳ ಮೂಲಕ ಒಟ್ಟು ಜಾಲದ ಸರಾಸರಿ ತಗ್ಗಿ, ಶಿರಾದ ಅಕ್ಕಿ ಗಿರಣಿಯ ಹೊಗೆಯೂ ಕಾಗದದ ಮೇಲೆ ಕೊಂಚ ಇಳಿಯುತ್ತದೆ. ಹೊಗೆಯಿಲ್ಲದ ಕರೆಂಟಿನಲ್ಲಿ ವಾಸ್ತವವಾಗಿ ಎರಡು ಸರಕುಗಳಿವೆ: ಕರೆಂಟು ಒಂದು, ‘ಇದು ಹೊಗೆಯಿಲ್ಲದ್ದು’ ಎಂಬ ಹಕ್ಕುಪತ್ರ ಇನ್ನೊಂದು. 2010ರಿಂದ ಭಾರತದಲ್ಲಿ ಈ ಪತ್ರವನ್ನೂ ಬೇರೆಯಾಗಿ ಮಾರಬಹುದು. ಒಂದೇ ಯೂನಿಟ್ಟನ್ನು ಕೊಂಡವನೂ ಪತ್ರ ಕೊಂಡವನೂ ಇಬ್ಬರೂ ತಮ್ಮದೆಂದು ಬರೆದುಕೊಂಡರೆ ಲೆಕ್ಕ ಎರಡಾಗುತ್ತದೆ, ಆಕಾಶಕ್ಕೆ ಮಾತ್ರ ಒಂದೇ. ಹೊಗೆಯ ಲೆಕ್ಕಿಗರ ಬಹುಪಾಲು ಜಗಳ ಇದೇ.

ನೆಲದ ಮೇಲಿನ ಜಗಳ ಬೇರೆ. ಗುತ್ತಿಗೆಯ ಹಣ ಸಲ್ಲುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಕಳೆ ಕೀಳಲು, ಕಾಯಿ ಬಿಡಿಸಲು ಬರುತ್ತಿದ್ದ ಭೂಮಿಯಿಲ್ಲದ ಕೂಲಿಗಳಿಗೆ, ಬೆಳೆ ತೆಗೆದ ಹೊಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಪಹಣಿಯಿಲ್ಲ. ಪಾರ್ಕಿನಲ್ಲಿ ಹಲಗೆ ತೊಳೆಯುವ, ಹುಲ್ಲು ಕೀಳುವ, ಕಾವಲಿನ ಕೆಲಸ ಕೆಲವರಿಗೆ ಸಿಕ್ಕಿತು, ಎಲ್ಲರಿಗೂ ಅಲ್ಲ. ಕಡಲೆಕಾಯಿ ಕಿತ್ತ ಹೊಲದಲ್ಲಿ ಮಣ್ಣಲ್ಲಿ ಉಳಿದ ಕಾಯನ್ನು ಕೆದಕಿ ಆಯುವುದಕ್ಕೆ ಹಕ್ಕಲು ಎನ್ನುತ್ತಾರೆ. ಹೊಲದವನು ಅದಕ್ಕೆ ಅಡ್ಡ ಬರುವುದಿಲ್ಲ; ಮಂಡಿಯಲ್ಲಿ ಗುಡಿಸಿಕೊಂಡು ಹೋಗುವವಳ ಹಕ್ಕಿನಂಥದೇ ಇದೂ. ಬಡವರ ಮನೆಯ ಒಂದೆರಡು ತಿಂಗಳ ಚಟ್ನಿ, ಎಣ್ಣೆ ಅದರಲ್ಲಿ ಆಗುತ್ತಿತ್ತು. ಗುತ್ತಿಗೆಯ ಪತ್ರ ಬರೆದಾಗ ಆ ಹಕ್ಕಲಿಗೆ ಬೆಲೆ ಕಟ್ಟಿದವರಿಲ್ಲ. ಕಂಪನಿಗಳ ಹೊಗೆಯ ವರದಿಯ ಮೂರು ವ್ಯಾಪ್ತಿಗಳಲ್ಲಿಯೂ ಅದಕ್ಕೆ ಕಲಮಿಲ್ಲ.

ಹಲಗೆಗಳಿಗೂ ಆಯುಷ್ಯವಿದೆ. ಗಾಜು, ಅಲ್ಯೂಮಿನಿಯಂ, ಸಿಲಿಕಾನ್, ಎಳೆಯಷ್ಟು ಬೆಳ್ಳಿ, ಬೆಸುಗೆಯಲ್ಲಿ ಅಷ್ಟಿಷ್ಟು ಸೀಸ ಸೇರಿದ ಲಕ್ಷಗಟ್ಟಲೆ ಹಲಗೆಗಳು ಗುತ್ತಿಗೆಯ ಅವಧಿ ಮುಗಿಯುವ ಹೊತ್ತಿಗೆ ಹಳೆಯ ಮಾಲಾಗುತ್ತವೆ. ಆಲಿಕಲ್ಲು, ಗಾಳಿಗೆ ಒಡೆದವು ಅದಕ್ಕೂ ಮೊದಲೇ. 2022ರಲ್ಲಿ ಪ್ರಕಟವಾಗಿ 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ವಿದ್ಯುನ್ಮಾನ ತ್ಯಾಜ್ಯ ನಿಯಮಗಳು ಸೌರ ಹಲಗೆಗಳನ್ನೂ ಒಳಗೊಂಡಿವೆ. ಹಲಗೆ ತಯಾರಿಸಿದವರು 2034-35ರವರೆಗಿನ ತ್ಯಾಜ್ಯವನ್ನು ನಿಗದಿತ ರೀತಿಯಲ್ಲಿ ಕೂಡಿಟ್ಟು ಲೆಕ್ಕ ಒಪ್ಪಿಸಬೇಕು. ಪಾವಗಡದ ಗುತ್ತಿಗೆಗಳು ಮುಗಿಯುವುದು ಅದಾದ ಸುಮಾರು ಹತ್ತು ವರ್ಷಗಳ ಮೇಲೆ.